ಒಂದೇ ಪುಟದಲ್ಲಿ ಸಾಜಿಯಾ

ರಾಣೆಬೆನ್ನೂರಿನ ಪ್ರಭುಲಿಂಗಪ್ಪ ಮಾಸ್ತರರು ಕನ್ನಡ ಕಲಿಸುವ ಕೆಲಸದಿಂದ ನಿವೃತ್ತರಾಗಿ ಒಂಬತ್ತು ವರ್ಷವಾಗಿತ್ತು. ಆದರೂ ಪುರುಸೊತ್ತು ಎಂಬುದು ಅವರ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಸುತ್ತಲಿನ ಮೂರು ತಾಲೂಕಿನಲ್ಲಿ ಯಾರಿಗೆ ಶಾಲು ಹೊದಿಸಿ ಸನ್ಮಾನ ಮಾಡಿದರೂ ಜೊತೆಗೆ ಕೊಡುವ ಮಾನಪತ್ರ ಬರೆಯುವವರು ಇವರೇ. ಬ್ಯಾಡಗಿಯ ಮೆಣಸಿನಕಾಯಿ ದಲಾಲರ ಅಂಗಡಿಗಳಲ್ಲಿ ಲಕ್ಷ್ಮಿಯ ಪಟದ ಪಕ್ಕ ಗಾಜಿನ ಚೌಕಟ್ಟಿನೊಳಗೆ ಕೂತಿರುವುದು, ಹಾವೇರಿಯ ವಕೀಲರ ಪಡಸಾಲೆಯಲ್ಲಿ ಬಂದವರಿಗೆಲ್ಲ ಕಾಣುವಂತೆ ತೂಗುಹಾಕಿರುವುದು, ಎಲ್ಲ ಇವರ ಕೈಯವೇ. 'ಸರಳ ಸಜ್ಜನಿಕೆಯ ಸಾಕಾರಮೂರ್ತಿಗಳೇ' ಎಂದು ಶುರುವಾದರೆ 'ನೂರ್ಕಾಲ ಬಾಳಿರಿ' ಎಂದು ಮುಗಿಯುವ ತನಕ ಅವರ ಪೆನ್ನು ಉಸಿರು ತೆಗೆದುಕೊಳ್ಳುತ್ತಿರಲಿಲ್ಲ. ಒಮ್ಮೆ ಅವಸರದಲ್ಲಿ ಪೋಸ್ಟ್ ಮಾಸ್ತರರ ಮಾನಪತ್ರಕ್ಕೆ ಹೆಸರೊಂದನ್ನು ಬದಲಿಸಿ ದನದ ಡಾಕ್ಟರಿಗೆ ಕೊಟ್ಟುಬಿಟ್ಟಿದ್ದರು. ಇಬ್ಬರೂ ವೇದಿಕೆಯ ಮೇಲೆ ಕಣ್ಣೊರೆಸಿಕೊಂಡರು. ಅದರಲ್ಲಿ ಸುಳ್ಳೂ ಇರಲಿಲ್ಲ, ನಿಜವೂ ಇರಲಿಲ್ಲ, ಹಾಗಾಗಿ ಯಾರದೂ ತಕರಾರಿರಲಿಲ್ಲ.

ಇಂಥ ಮಾಸ್ತರರ ಮನೆಗೆ ಆಗಸ್ಟಿನ ಒಂದು ಭಾನುವಾರ ಬೆಳಿಗ್ಗೆ ದಾದಾಪೀರ ತನ್ನ ಮಗಳು ಸಾಜಿಯಾಳನ್ನು ಕರೆದುಕೊಂಡು ಬಂದ. ದೇವರಗುಡ್ಡದ ಹತ್ತಿರದ ಹಳ್ಳಿಯ ಈ ದಾದಾಪೀರ ಮಾಸ್ತರರ ಹಳೆಯ ವಿದ್ಯಾರ್ಥಿ. ಸಾಜಿಯಾ ಕೂಡ ಹತ್ತನೆಯ ತರಗತಿಯಲ್ಲಿದ್ದಾಗ ಇದೇ ಪಡಸಾಲೆಯಲ್ಲಿ ಕೂತು ಕನ್ನಡ ಪಾಠ ಹೇಳಿಸಿಕೊಂಡವಳು. ಈಗ ಅವಳಿಗೆ ಎಂಬಿಬಿಎಸ್ ಸೀಟು ಸಿಕ್ಕಿತ್ತು. ಸೀಟೇನೋ ಸಿಕ್ಕಿತು, ಐದು ವರ್ಷ ಓದಿಸುವ ತಾಕತ್ತು ದಾದಾಪೀರನ ಎರಡೆಕರೆ ಹೊಲಕ್ಕೆ ಇರಲಿಲ್ಲ. ಬೆಂಗಳೂರಿನ ಕೆಲವು ಡಾಕ್ಟರುಗಳು ಸೇರಿ ನಡೆಸುವ ಟ್ರಸ್ಟೊಂದು ಹಾವೇರಿ ಜಿಲ್ಲೆಯ ಐದು ಹೆಣ್ಣುಮಕ್ಕಳನ್ನು ಆರಿಸಿ ಪೂರ್ತಿ ಓದಿನ ಹೊಣೆ ಹೊರುತ್ತದೆ. ಅದಕ್ಕೆ ಸಿ.ವಿ. ಕಳಿಸಬೇಕು. ಕನ್ನಡದಲ್ಲಿದ್ದರೂ ನಡೆಯುತ್ತದೆ, ಆದರೆ ಒಂದೇ ಪುಟ ಇರಬೇಕು, ಶುಕ್ರವಾರದೊಳಗೆ ಮುಟ್ಟಬೇಕು. ಟ್ರಸ್ಟು ಕೈಬಿಟ್ಟರೆ ಸೀಟೂ ಕೈಬಿಟ್ಟ ಹಾಗೆ.

"ಅಂದ್ರ ಪರಿಚಯ ಪತ್ರ," ಎಂದರು ಮಾಸ್ತರರು, ಕನ್ನಡಕ ಒರೆಸುತ್ತ. "ದಾದಾಪೀರ, ನೀ ಕಾಳಜಿ ಬಿಡು. ಇಷ್ಟ ದಿನ ಮಂದಿಗೆ ಬರದು ಬರದು ಕೈ ಪಳಗಿಸಿಕೊಂಡಿದ್ದು ಇದಕ್ಕಽ ಅಂತ ತಿಳಿ."

"ಅದಕ್ಕಽ ನಿಮ್ಮ ಹತ್ರ ಬಂದೇವ್ರಿ ಮಾಸ್ತರ್ರ. ನೀವು ಬರದ್ರ ಕಲ್ಲೂ ಕರಗತೈತಿ," ಎಂದ ದಾದಾಪೀರ.

ಮಾಸ್ತರರು ಎರಡು ದಿನ ಬಾಗಿಲು ಮುಂದೆ ಮಾಡಿಕೊಂಡು ಬರೆದರು. ಮಂಗಳವಾರ ಸಾಜಿಯಾ ಬಂದಾಗ ಗಂಟಲು ಸರಿಮಾಡಿಕೊಂಡು ನಿಂತೇ ಓದಿದರು: "ವರದೆ-ತುಂಗಭದ್ರೆಯರು ಹರಸಿದ ಪುಣ್ಯನೆಲದಲ್ಲಿ ಜನಿಸಿ, ತೊಟ್ಟಿಲಲ್ಲಿರುವಾಗಲೇ ದೀನರ ನೋವಿಗೆ ಮಿಡಿದ ಕರುಣಾಮಯಿಯಾದ ಕುಮಾರಿ ಸಾಜಿಯಾ ಅವರು ವಿದ್ಯಾಸಾಗರವನ್ನು ಈಜಿ ದಡ ಸೇರಿದ ಧೀಮಂತೆ..." ಹೀಗೆ ಎರಡೂವರೆ ಪುಟ. ಅಡುಗೆಮನೆಯಿಂದ ಅವರ ಹೆಂಡತಿ ಪ್ರೇಮವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಬಾಗಿಲಿಗೆ ಬಂದು ನಿಂತರು.

ಓದು ಮುಗಿಯಿತು. ಸಾಜಿಯಾ ಓಡಣಿಯ ಅಂಚು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದಳು.

"ಹೆಂಗೈತಿ?"

"ಭಾಳ ಚಂದ ಐತ್ರಿ ಸರ್," ಎಂದಳು. ಆಮೇಲೆ ಮೆಲ್ಲಗೆ, "ಆದ್ರ ಇದರಾಗ ನಾ ಎಲ್ಲೆ ಅದೇನ್ರಿ?"

ಪ್ರೇಮವ್ವನಿಗೆ ನಗು ತಡೆಯಲಾಗಲಿಲ್ಲ. "ಹೌದಲ್ಲರೀ! ತೊಟ್ಟಿಲದಾಗಿನ ಕೂಸು ಯಾರ ನೋವಿಗೆ ಮಿಡೀತೈತಿ? ಹಾಲಿಗೆ ಅಳತೈತಿ ಅಷ್ಟ. ಈ ಹುಡುಗಿ ದಿನಾ ಏನ್ ಮಾಡ್ತಾಳ ಅಂತ ಒಮ್ಮೆರ ಕೇಳೀರೇನು?"

ಮಾಸ್ತರರ ಮುಖ ಸಪ್ಪಗಾಯಿತು. ನಲವತ್ತು ವರ್ಷದಲ್ಲಿ ಅವರ ಬರಹ ಕೇಳಿ ಚಪ್ಪಾಳೆ ಬಿಟ್ಟು ಬೇರೇನೂ ಬಂದಿರಲಿಲ್ಲ. ಊಟಕ್ಕೆ ಕೂತಾಗಲೂ ಹೆಂಡತಿಯ ಕಡೆ ನೋಡಲಿಲ್ಲ, ಎರಡನೆಯ ರೊಟ್ಟಿ ಬೇಡವೆಂದರು. ಆದರೆ ಮನುಷ್ಯ ಮೂಲದಲ್ಲಿ ಮಾಸ್ತರ ನೋಡಿ, ತಪ್ಪು ಉತ್ತರ ತಪ್ಪೇ ಎಂದು ಒಳಗೆ ಗೊತ್ತಾಗಿಬಿಟ್ಟಿತ್ತು. ಸಂಜೆ ನಾಲ್ಕಕ್ಕೆ ಕೊಡೆ ಹಿಡಿದು ದೇವರಗುಡ್ಡದ ಬಸ್ಸು ಹತ್ತಿದರು.

ದಾದಾಪೀರನ ಹೊಲದಲ್ಲಿ ಟೊಮೆಟೊ ಬೀಜದ ಪ್ಲಾಟು ಇತ್ತು. ಆ ಸೀಮೆಯ ಹಳ್ಳಿಗಳಲ್ಲಿ ಹೀಗೆ ಕಂಪನಿಗಳಿಗೆ ಹೈಬ್ರಿಡ್ ಬೀಜ ಮಾಡಿಕೊಡುವ ರೈತರು ಬೇಕಾದಷ್ಟು ಜನ. ಹಸಿರು ನೆಟ್ಟಿನ ಕೆಳಗೆ ಆರೇಳು ಹೆಣ್ಣುಮಕ್ಕಳು ಸಾಲುಗಳ ನಡುವೆ ಬಗ್ಗಿ ನಿಂತಿದ್ದರು, ಅವರ ನಡುವೆ ಸಾಜಿಯಾ. ಅವಳ ಕೈಯಲ್ಲಿ ಸಣ್ಣದೊಂದು ಚಿಮಟ. ನಾಳೆ ಅರಳಬೇಕಾದ ಮೊಗ್ಗೊಂದನ್ನು ಎಡಗೈ ಬೆರಳ ತುದಿಯಲ್ಲಿ ಹಿಡಿದಳು, ಚಿಮಟದಿಂದ ಬಿಡಿಸಿದಳು, ಒಳಗಿನ ಹಳದಿ ಕೇಸರವನ್ನು ಸುತ್ತ ಕಿತ್ತು ತೆಗೆದಳು. ನಡುವೆ ಎಳೆಯಷ್ಟು ತೆಳ್ಳಗಿನ ಹಸಿರು ಕಡ್ಡಿಯೊಂದು ಉಳಿಯಿತು, ಅಲುಗಾಡಲೂ ಇಲ್ಲ. ಮಾಸ್ತರರು ಕನ್ನಡಕ ಏರಿಸಿ ಬಗ್ಗಿ ನೋಡುವಷ್ಟರಲ್ಲಿ ಅವಳು ಮೂರನೆಯ ಹೂವಿಗೆ ಹೋಗಿದ್ದಳು.

"ಇದಕ್ಕ ಕ್ರಾಸಿಂಗ್ ಅಂತೀವ್ರಿ," ಎಂದಳು ಕೈ ನಿಲ್ಲಿಸದೆ. "ಇವತ್ತ ಸಂಜಿಮುಂದ ಹೆಣ್ಣು ಗಿಡದಾಗಿನ ಕೇಸರ ತೆಗಿಯೋದು, ನಾಳೆ ಮುಂಜಾನೆ ಗಂಡು ಗಿಡದ ಪರಾಗದ ಪುಡಿ ಮುಟ್ಟಿಸೋದು. ಮುಟ್ಟಿಸಿದ್ದಕ್ಕ ಗುರುತು ಅಂತ ಹೂವಿನ ಬುಡದಾಗಿನ ಎರಡು ಹಸರ ಎಸಳು ಕತ್ತರಸ್ತೀವಿ. ಆ ಗುರುತಿದ್ದ ಹಣ್ಣು ಅಷ್ಟ ಬೀಜಕ್ಕ ತಗೋತಾರ."

"ಒಂದ್ ಸಂಜಿಗೆ ಎಷ್ಟ ಹೂವ ಮಾಡ್ತಿ?"

"ಇನ್ನೂರರ ಮ್ಯಾಲೆ ಆಗತಾವ್ರಿ."

"ಮುರಿಯೋದಿಲ್ಲೇನು?"

"ನೂರಕ್ಕ ಎರಡ ಮೂರು. ಆರನೇ ಕ್ಲಾಸಿನ್ಯಾಗ ಇದ್ದಾಗ ಹತ್ತಕ್ಕ ಐದು ಮುರೀತಿದ್ದೆ. ನಮ್ಮ ಅಬ್ಬಾ ಬಯ್ತಿದ್ರು."

ಪಕ್ಕದ ಸಾಲಿನಿಂದ ಹೊಳಿಯವ್ವ ಎಂಬ ಹೆಂಗಸು ತಲೆ ಎತ್ತಿದಳು. "ನನಗ ಕಲಿಸಿದಾಕಿ ಈ ಹುಡುಗಿನಽ ರೀ ಮಾಸ್ತರ್ರ. ನನಗಷ್ಟ ಅಲ್ಲ, ಊರಾಗ ಹನ್ನೊಂದ ಮಂದಿಗೆ. ಹ್ವಾದ ವರ್ಷ ಬೆಳಿಗೆ ಹುಳದ ಎಣ್ಣಿ ಹೊಡಿವಾಗ ನಾ ತಲಿ ತಿರುಗಿ ಬಿದ್ದಿದ್ದೆ. ಎಲ್ಲಾರೂ ನೀರ ಹಾಕ್ರಿ, ಉಳ್ಳಾಗಡ್ಡಿ ಮೂಸಸ್ರಿ ಅಂತ ಒದರಾಕತ್ತಿದ್ರು. ಇಕಿ ಒಬ್ಬಾಕಿ ನನ್ನ ಅರಿವಿ ಬದಲಿ ಮಾಡ್ಸಿ, ಎಣ್ಣಿ ಬಾಟ್ಲಿ ಕೈಯಾಗ ಹಿಡಕೊಂಡ ನನ್ನ ದವಾಖಾನಿಗೆ ಕರಕೊಂಡ ಹ್ವಾದ್ಲು. ಬಾಟ್ಲಿ ಮ್ಯಾಲಿನ ಹೆಸರ ನೋಡಿ ಡಾಕ್ಟರ್ ಲಗೂನ ಔಷಧ ಕೊಟ್ರು."

ಮಾಸ್ತರರು ಬದುವಿನ ಮೇಲೆ ಕೂತುಬಿಟ್ಟರು. ಜೇಬಿನಿಂದ ಕಾಗದ ತೆಗೆದರು. ಅಂದು ಅವರು ಬರೆದ ವಾಕ್ಯಗಳು ಅವರ ಜನ್ಮದಲ್ಲೇ ಎಲ್ಲಕ್ಕಿಂತ ಗಿಡ್ಡವಾಗಿದ್ದವು. 'ಏಳು ವರ್ಷದಿಂದ ಟೊಮೆಟೊ ಬೀಜದ ಕ್ರಾಸಿಂಗ್ ಕೆಲಸ ಮಾಡುತ್ತಿದ್ದೇನೆ. ಸಂಜೆಗೆ ಇನ್ನೂರು ಹೂವು. ನೂರಕ್ಕೆ ಎರಡು ಮೂರು ಮುರಿಯುತ್ತವೆ. ಹನ್ನೊಂದು ಜನರಿಗೆ ಈ ಕೆಲಸ ಕಲಿಸಿದ್ದೇನೆ.' ಬರೆಯುತ್ತ ಹೋದಂತೆ ಅವರಿಗೆ ಒಂಥರಾ ಉಮೇದು ಬಂತು. ಒಂದು ವಿಶೇಷಣ ಇಲ್ಲ, ಆದರೂ ಕಾಗದದ ಮೇಲೆ ಹುಡುಗಿ ಎದ್ದು ನಿಂತಿದ್ದಳು. ಇಷ್ಟು ವರ್ಷ ತಾನು ಶಾಲನ್ನೇ ಹೊಗಳುತ್ತಿದ್ದೆ, ಒಳಗಿದ್ದ ಮನುಷ್ಯನನ್ನು ನೋಡಲೇ ಇಲ್ಲ ಅನ್ನಿಸಿ ಅವರಿಗೆ ನಗು ಬಂತು.

ಕತ್ತಲಾಗುವ ಮೊದಲು ಬರೆದದ್ದನ್ನು ಓದಿ ಹೇಳಿದರು. ಸಾಜಿಯಾಳ ಮುಖ ಅರಳಿತು. "ಇದು ನಾನಽ ರೀ ಸರ್! ಆದ್ರ ಒಂದು ಬಿಟ್ಟೈತಿ."

"ಏನದು?"

"ಒಂಬತ್ತನೇ ಕ್ಲಾಸಿನ್ಯಾಗ ಇದ್ದಾಗ ಒಂದ್ ಸಲ ಎರಡ ಸಾಲು ಕೆಡಿಸಿದ್ದೆ. ಪರೀಕ್ಷಾಕ್ಕ ಓದಕೋತ ಕುಂತು ಸಂಜಿಮುಂದ ಕೇಸರ ತೆಗಿಯೋದು ಮರ್ತಬಿಟ್ಟಿದ್ದೆ. ಮುಂಜಾನೆ ನೋಡಿದ್ರ ಎಲ್ಲಾ ಅರಳಿಬಿಟ್ಟಿದ್ವು. ಅಂಥಾವು ತಮ್ಮ ಪುಡಿ ತಾವಽ ತಾಗಿಸಿಕೊಂಡಿರತಾವ, ಬೀಜಕ್ಕ ಬರಂಗಿಲ್ಲ, ಚಿವುಟಿ ಒಗೀಬೇಕು. ನಾ ಹೆದರಿ ಅವಕ್ಕನಽ ಪುಡಿ ಮುಟ್ಟಿಸಿ, ಎಸಳ ಕತ್ತರಿಸಿ, ಬರೋಬ್ಬರಿ ಮಾಡಿದಂಗ ತೋರಿಸಿಬಿಟ್ಟೆ. ಯಾರ್ಗೂ ಗೊತ್ತಾಗ್ಲಿಲ್ಲ. ಮೂರ ದಿನ ಆದಮ್ಯಾಲೆ ಅಬ್ಬಾಗ ಹೇಳಿದೆ. ಎರಡೂ ಸಾಲು ಕಿತ್ತು ಹಾಕಿದ್ವಿ. ಅದನ್ನ ಬರೀರಿ."

ಮಾಸ್ತರರು ಪೆನ್ನು ಕೆಳಗಿಟ್ಟರು. "ಹುಚ್ಚಿ! ತನ್ನ ತಪ್ಪ ತಾನಽ ಯಾರರ ಬರಕೋತಾರೇನು? ಇದು ಪೊಲೀಸ್ ಠಾಣೆಗೆ ಕೊಡೋ ಕಾಗದ ಅಲ್ಲ, ಟ್ರಸ್ಟಿಗೆ. ತಪ್ಪ ಮಾಡಾಕಿ ಅಂತ ಬರದ್ರ ಯಾರ ಆರಸ್ತಾರ ನಿನ್ನ?"

"ಆ ಕೆಲಸದಾಗ ನಾ ಕಲತಿದ್ದು ಅದ ಒಂದಽ ರೀ ಸರ್. ಉಳಕಿದ್ದೆಲ್ಲಾ ಕೈಗೆ ರೂಢಿ ಆಗಿದ್ದು. ಬರೀರಿ."

ಹಟಮಾರಿ ಹುಡುಗಿ. ದಾದಾಪೀರನೂ ಅವಳ ಪರವೇ ನಿಂತ. ಮಾಸ್ತರರು ಹಲ್ಲು ಕಚ್ಚಿಕೊಂಡು ಬರೆದರು, ಕೆಳಗೆ ಸಾಜಿಯಾ ಸಹಿ ಮಾಡಿದಳು.

ಮರುದಿನ ಅದನ್ನು ಟೈಪು ಮಾಡಿಸಲು ಬಸ್ ಸ್ಟ್ಯಾಂಡಿನ ಎದುರಿನ ಚೇತನಕುಮಾರನ ಡಿಟಿಪಿ ಅಂಗಡಿಗೆ ಒಬ್ಬರೇ ಹೋದರು. ಟೈಪಾದ ಮೇಲೆ ನೋಡಿದರೆ ಪುಟ ತುಂಬಿ ಎರಡು ಸಾಲು ಹೊರಗೆ ಚಾಚಿಕೊಂಡಿತ್ತು.

"ಏನರ ಸ್ವಲ್ಪ ತೆಗೀಬೇಕಾಕ್ಕೈತ್ರಿ ಸರ್," ಎಂದ ಚೇತನಕುಮಾರ.

ತೆಗೆಯಲು ಬೇಕಾದಷ್ಟಿತ್ತು. ಅಕ್ಷರವನ್ನೇ ಸಣ್ಣದು ಮಾಡಬಹುದಿತ್ತು. ಆದರೆ ಮಾಸ್ತರರ ಬೆರಳು ನೇರವಾಗಿ ಆ ಎರಡು ಸಾಲು ಟೊಮೆಟೊದ ಸಂಗತಿಯ ಮೇಲೇ ಹೋಗಿ ನಿಂತಿತು. ಹುಡುಗಿಯ ಒಳ್ಳೆಯದಕ್ಕೇ ಅಲ್ಲವೇ ಎಂದುಕೊಂಡರು. ಸಣ್ಣವರಿಗೆ ಲೋಕ ಗೊತ್ತಿರುವುದಿಲ್ಲ, ದೊಡ್ಡವರು ಇರುವುದು ಯಾಕೆ ಮತ್ತೆ? "ಇದನ್ನ ಅಳಿಸು," ಎಂದರು. ಪುಟ ಅಚ್ಚುಕಟ್ಟಾಗಿ ಕೂತಿತು. ಚೇತನಕುಮಾರ ಟ್ರಸ್ಟಿಗೆ ಮೇಲ್ ಕಳಿಸಿದ. ಮಾಸ್ತರರು ಚಹಾ ಕುಡಿದು ಮನೆಗೆ ಬಂದರು, ಹೆಂಡತಿಗೆ ಮಾತ್ರ ಏನೂ ಹೇಳಲಿಲ್ಲ.

ಹನ್ನೆರಡು ದಿನಕ್ಕೆ ಸಂದರ್ಶನದ ಕರೆ ಬಂತು. ದಾದಾಪೀರ ಪೇಢೆ ಹಂಚಿದ. ಪ್ರೇಮವ್ವ ಸಾಜಿಯಾಳ ನೆಟಿಕೆ ಮುರಿದು ದೃಷ್ಟಿ ತೆಗೆದರು. "ನೋಡ್ರಿ, ಖರೇ ಬರದ್ರ ಖರೇನಽ ಕರೀತಾರ," ಎಂದು ಗಂಡನಿಗೆ ಮೊದಲ ಸಲ ಬರಹದ ಬಗ್ಗೆ ಶಭಾಷ್ ಅಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ ಮಾಸ್ತರರು, "ಯಾಕ, ನಾ ಏನ್ ಸುಳ್ಳ ಬರದೇನಿ?" ಎಂದು ರೇಗಿದರು. ಪೇಢೆ ಬಾಯಲ್ಲೇ ಉಳಿಯಿತು. ಅಂದಿನಿಂದ ಅವರಿಗೆ ಊಟ ರುಚಿಸಲಿಲ್ಲ. ಬ್ಯಾಡಗಿಯಿಂದ ಒಬ್ಬ ದಲಾಲರು ಮಾನಪತ್ರಕ್ಕೆ ಹೇಳಿಕಳಿಸಿದರೆ ಮೈಗೆ ಹುಷಾರಿಲ್ಲ ಎಂದು ತಪ್ಪಿಸಿಕೊಂಡರು.

ಸಂದರ್ಶನದ ದಿನ ಮೂವರೂ ಹಾವೇರಿಯ ಬಸ್ಸಿನಲ್ಲಿ ಕೂತಿದ್ದರು. ದಾದಾಪೀರ ಇಸ್ತ್ರಿ ಮಾಡಿದ ಬಿಳಿ ಅಂಗಿ ಸುಕ್ಕಾಗುತ್ತದೆಂದು ಬೆನ್ನು ತಾಗಿಸದೆ ಕೂತಿದ್ದ. ಮೋಟೆಬೆನ್ನೂರು ದಾಟಿದ ಮೇಲೆ ಸಾಜಿಯಾ ಮಾಸ್ತರರ ಕಡೆ ತಿರುಗಿದಳು.

"ಸರ್, ಆ ಎರಡು ಸಾಲಿಂದು ಕೇಳಿದ್ರ ಏನ್ ಹೇಳ್ಲಿ?"

ಮಾಸ್ತರರು ಕಿಟಕಿಯಾಚೆ ಹೈವೇ ಮೇಲಿನ ಲಾರಿಗಳನ್ನು ಎಣಿಸುವವರ ಹಾಗೆ ನೋಡುತ್ತ ಕೂತರು. "ಕೇಳಂಗಿಲ್ಲ ಬಿಡು," ಎಂದರು. ತಮ್ಮ ದನಿ ತಮಗೇ ಅಸಹ್ಯವಾಯಿತು. ಹುಡುಗಿ ಮೂರು ದಿನದಲ್ಲಿ ಹೇಳಿದ್ದಳು. ತಮಗೆ ಹನ್ನೆರಡು ದಿನ ಮುಗಿದು ಇನ್ನೂ ಮೂರಾಗಿತ್ತು.

ಸಂದರ್ಶನ ಇದ್ದದ್ದು ಹಾವೇರಿಯ ಒಂದು ಕಲ್ಯಾಣ ಮಂಟಪದ ಮೇಲಿನ ಕೋಣೆಯಲ್ಲಿ. ಹೊರಗೆ ಹತ್ತೊಂಬತ್ತು ಹುಡುಗಿಯರು, ಅವರ ತಾಯಿ-ತಂದೆಯರು, ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಫೈಲು. ಸಾಜಿಯಾಳ ಸರದಿ ಕೊನೆಗೆ. ಮಾಸ್ತರರು ಮುಳ್ಳಿನ ಮೇಲೆ ಕೂತ ಹಾಗೆ ಕೂತಿದ್ದರು. ಮಧ್ಯಾಹ್ನ ಬಾಗಿಲಿನವನು "ಸಾಜಿಯಾ" ಎಂದು ಕೂಗಿದ್ದೇ ತಡ, ಹುಡುಗಿಗಿಂತ ಮೊದಲು ಮಾಸ್ತರರು ಎದ್ದು ಒಳಗೆ ನುಗ್ಗಿಬಿಟ್ಟರು.

ಮೇಜಿನ ಹಿಂದೆ ಮೂವರಿದ್ದರು. ನಡುವಿನ ನರೆಗೂದಲಿನ ಡಾಕ್ಟರಮ್ಮ ತಲೆ ಎತ್ತಿ, "ನೀವು ಸಾಜಿಯಾನಾ?" ಎಂದರು.

"ಅಲ್ರೀ. ನಾನು ಪ್ರಭುಲಿಂಗಪ್ಪ, ರಿಟೈರ್ಡ್ ಮಾಸ್ತರ. ಆ ಹುಡುಗಿ ಸಿ.ವಿ. ಕೆಡಿಸಿದಾಂವ." ಇಷ್ಟು ಹೇಳುವುದರಲ್ಲಿ ಮಾಸ್ತರರು ಬೆವತುಹೋದರು. ಆದರೆ ಒಮ್ಮೆ ಶುರುವಾದ ಮೇಲೆ ನಿಲ್ಲಲಿಲ್ಲ. ಒಂಬತ್ತನೆಯ ತರಗತಿ, ಅರಳಿದ ಹೂವು, ಮೂರು ದಿನ, ಕಿತ್ತ ಎರಡು ಸಾಲು, ಚೇತನಕುಮಾರನ ಅಂಗಡಿ, ತಮ್ಮ ಬೆರಳು, ಎಲ್ಲವನ್ನೂ ಹೇಳಿದರು. ಜೇಬಿನಿಂದ ಬದುವಿನ ಮೇಲೆ ಬರೆದ ಕಾಗದ ತೆಗೆದು ಮೇಜಿನ ಮೇಲಿಟ್ಟರು. "ಖರೇ ಸಿ.ವಿ. ಇದು. ಕೆಳಗ ಅಕಿ ಸಹಿ ಐತಿ. ಅಕಿ ಬರೀರಿ ಅಂದ್ಲು, ನಾ ಅಳಸಿದೆ. ಶಿಕ್ಷಾ ಏನಿದ್ರೂ ನನಗ ಕೊಡ್ರಿ, ಅಕಿನ್ನ ಕೈಬಿಡಬ್ಯಾಡ್ರಿ. ಕೈ ಮುಗೀತೇನಿ."

ಅಷ್ಟರಲ್ಲಿ ಸಾಜಿಯಾ ಬಾಗಿಲಲ್ಲಿ ಬಂದು ನಿಂತಿದ್ದಳು. ಡಾಕ್ಟರಮ್ಮ ಕಾಗದವನ್ನು ಒಮ್ಮೆ ಓದಿದರು, ಮತ್ತೊಮ್ಮೆ ಓದಿದರು.

"ಬಾಮ್ಮ, ಕೂತ್ಕೋ. ಯಾರಿಗೂ ಗೊತ್ತಾಗಿರಲಿಲ್ಲ ಅಂತಾರೆ ನಿಮ್ಮ ಮೇಷ್ಟ್ರು. ಮತ್ಯಾಕೆ ಹೇಳಿದೆ?"

"ಆ ಬೀಜ ಬಿತ್ತಿದ ಮ್ಯಾಲೆನಽ ಗೊತ್ತಾಗೋದ್ರಿ ಮೇಡಂ," ಎಂದಳು ಸಾಜಿಯಾ. "ಬಿತ್ತಾವ ಎಲ್ಲಿಯಾಂವೋ ಏನೋ. ಅವನ ಹೊಲ ಹಾಳಾಕ್ಕೈತಿ. ಯಾಕ ಹಾಳಾತು ಅಂತ ಅವಂಗ ತಿಳಿಯಂಗಿಲ್ಲ. ತನ್ನ ಹಣೇಬರ ಅಂತ ಸುಮ್ಮನಾಗ್ತಾನ. ಅದು ನನ್ನ ಕೈಯಾಗಿಂದು ಅಂತ ನನಗೊಬ್ಬಾಕಿಗೆ ಗೊತ್ತಿರತೈತಿ."

ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟರು. "ಮೂವತ್ತು ವರ್ಷದಿಂದ ಆಪರೇಷನ್ ಮಾಡ್ತಿದೀನಿ," ಎಂದರು. "ಬೆಳಗಿಂದ ಹದಿನೆಂಟು ಸಿ.ವಿ. ಓದಿದೆ. ಒಂದರಲ್ಲೂ ಒಂದು ತಪ್ಪಿಲ್ಲ. ಇಷ್ಟೊಂದು ಜನ ತಪ್ಪೇ ಮಾಡದ ಡಾಕ್ಟರುಗಳು ಬರ್ತಿದಾರಲ್ಲಾ ಅಂತ ನನಗೆ ಭಯ ಆಗೋಕೆ ಶುರುವಾಗಿತ್ತು." ಆಮೇಲೆ ಮಾಸ್ತರರ ಕಡೆ ತಿರುಗಿ ನಕ್ಕರು. "ನೀವು ಹೊರಗೆ ಹೋಗಿ ನೀರು ಕುಡೀರಿ. ಇನ್ನು ಮುಂದೆ ಅವಳದನ್ನ ಅವಳೇ ಹೇಳ್ತಾಳೆ."

ನಾಲ್ಕು ಗಂಟೆಗೆ ಬಾಗಿಲಿಗೆ ಪಟ್ಟಿ ಅಂಟಿಸಿದರು. ಐದು ಹೆಸರು. ಎರಡನೆಯದು ಸಾಜಿಯಾಳದು. ದಾದಾಪೀರ ಪಟ್ಟಿಯನ್ನು ಬೆರಳಿಟ್ಟು ಮೂರು ಸಲ ಓದಿದ, ಓದಿದ್ದನ್ನು ನಂಬದೆ ಬಾಗಿಲಿನವನಿಂದ ಒಂದು ಸಲ ಓದಿಸಿದ, ಆಮೇಲೆ ಸುಕ್ಕಿನ ಹಂಗಿಲ್ಲದೆ ಮಗಳನ್ನು ಎದೆಗವಚಿಕೊಂಡು ಎಲ್ಲರ ಮುಂದೆ ಗಟ್ಟಿಯಾಗಿ ಅತ್ತ. ಮೂವರೂ ಕೆಳಗಿಳಿದು ರಸ್ತೆಗೆ ಬಂದರು. ಮನೆಗೆ ಫೋನು ಮಾಡಲು ದಾದಾಪೀರ ಒಂದು ಬದಿಗೆ ಹೋಗಿ ನಿಂತ, ಅವನು ಕೂಗುವ ಕೂಗಿಗೆ ಫೋನಿಲ್ಲದೆಯೂ ಊರಿಗೆ ಕೇಳುತ್ತಿತ್ತು.

ಮಾಸ್ತರರು ಸಾಜಿಯಾಳ ಹತ್ತಿರ ಬಂದರು. "ತಪ್ಪಾತವ್ವಾ," ಎಂದರು. "ಅವತ್ತ ಅಳಿಸಿ ಬಂದಿದ್ದು ನಿನಗೂ ಹೇಳಲಿಲ್ಲ."

"ನನಗ ಗೊತ್ತಿತ್ರಿ ಸರ್. ಚೇತನಕುಮಾರ ಅವತ್ತಽ ನನ್ನ ಫೋನಿಗೂ ಕಳಿಸಿದ್ದ."

ಮಾಸ್ತರರು ನಿಂತಲ್ಲೇ ನಿಂತರು. "ಮತ್ತ ಇಷ್ಟ ದಿನ ಯಾಕ ಕೇಳಲಿಲ್ಲ?"

"ನೀವಽ ಹೇಳ್ತೀರಿ ಅಂತ ಸುಮ್ಮನಿದ್ದೆ."

"ಹೇಳದಿದ್ರ?"

"ನಾ ಒಳಗ ಹೋಗಿ ಹೇಳ್ತಿದ್ದೆ," ಎಂದಳು ಸಾಜಿಯಾ. "ಆದ್ರ ನಿಮ್ಮ ಹೆಸರ ಹೇಳ್ತಿದ್ದಿಲ್ರಿ."

ಪ್ರಭುಲಿಂಗಪ್ಪ ಮಾಸ್ತರರು ಹಾವೇರಿಯ ಆ ರಸ್ತೆಯ ಬದಿಯಲ್ಲಿ ನಿಂತು ಹುಡುಗಿಯ ತಲೆಯ ಮೇಲೆ ಕೈ ಇಟ್ಟು ಅತ್ತರು, ಅಳುತ್ತಲೇ ನಕ್ಕರು.